ನ್ಯೂಟ್ರಾನ್ ಹೊಟ್ಟೆಯಲ್ಲಿ ಎಲೆಕ್ಟ್ರಾನ್ ಇಲ್ಲ

ಪ್ರಶ್ನೆ: ನ್ಯೂಟ್ರಾನ್ ತಾನಾಗಿಯೇ ಒಡೆಯುತ್ತದೆ. ಎಲೆಕ್ಟ್ರಾನ್ ಯಾಕೆ ಒಡೆಯುವುದಿಲ್ಲ?

ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ತಪ್ಪಿದೆ. ಉತ್ತರ ಚಿಕ್ಕದು. ಒಂದು ಕಣ ಹೋಗಿ ಬೇರೆ ಕಣಗಳು ಹುಟ್ಟುವಾಗ ಒಟ್ಟು ಚಾರ್ಜ್ ಬದಲಾಗುವಂತಿಲ್ಲ. ಹುಟ್ಟುವ ಕಣಗಳ ಒಟ್ಟು ದ್ರವ್ಯರಾಶಿಯೂ ಮೊದಲಿನದಕ್ಕಿಂತ ಕಡಿಮೆ ಇರಬೇಕು. ಎಲೆಕ್ಟ್ರಾನ್‌ಗಿಂತ ಹಗುರವಾದ, ಚಾರ್ಜ್ ಇರುವ ಕಣ ಒಂದೂ ಸಿಕ್ಕಿಲ್ಲ. ತನ್ನ ಚಾರ್ಜನ್ನು ಅದು ಯಾರ ಕೈಗೆ ಕೊಟ್ಟು ಹೋಗಬೇಕು? ಹೋಗುವ ಹಾಗಿಲ್ಲ, ಇರುತ್ತದೆ.

ಆದರೆ ಇದನ್ನು ಕೇಳುವವರು ಜೊತೆಗೆ ಒಂದು ಮಾತು ಸೇರಿಸಿಯೇ ಸೇರಿಸುತ್ತಾರೆ: ‘ನ್ಯೂಟ್ರಾನ್ ಅಂದ್ರೆ ಪ್ರೋಟಾನ್‌ಗೆ ಎಲೆಕ್ಟ್ರಾನ್ ಅಂಟಿಕೊಂಡಿರೋದು ಅಲ್ವಾ?’

ಅಲ್ಲ. ನ್ಯೂಟ್ರಾನ್ ಹೋದಾಗ ಪ್ರೋಟಾನ್, ಎಲೆಕ್ಟ್ರಾನ್ ಹೊರಬರುವುದು ನಿಜ. ಆದರೆ ‘ಒಡೆಯುತ್ತದೆ’ ಅನ್ನುವ ಪದವೇ ಈ ಎಡವಟ್ಟಿಗೆ ಕಾರಣ ಅಂತ ನನ್ನ ಗುಮಾನಿ. ಮಡಕೆ ಒಡೆದರೆ ಚೂರು ಬರುತ್ತವೆ, ಚೂರುಗಳು ಮೊದಲೇ ಮಡಕೆಯಲ್ಲಿದ್ದವು. ಇಲ್ಲಿ ಹಾಗಲ್ಲ.

ತೂಕ ಹಾಕಿ ನೋಡಿ. ಪ್ರೋಟಾನ್ 938.272 ಮೆಗಾ ಎಲೆಕ್ಟ್ರಾನ್ ವೋಲ್ಟ್ (ಕಣಗಳ ದ್ರವ್ಯರಾಶಿ ಹೇಳಲು ಬಳಸುವ ಅಳತೆ), ಎಲೆಕ್ಟ್ರಾನ್ 0.511. ಕೂಡಿದರೆ 938.783. ನ್ಯೂಟ್ರಾನ್ 939.565. ಅಂಟಿಕೊಂಡಿರುವ ಜೋಡಿ ಬಿಡಿ ಕಣಗಳಿಗಿಂತ ಹಗುರ ಇರಬೇಕು. ಇದು 0.782 ಜಾಸ್ತಿಯೇ ಇದೆ! ಸ್ಪಿನ್, ಅಂದರೆ ಕಣಕ್ಕೆ ಹುಟ್ಟಿನಿಂದಲೇ ಇರುವ ಒಂದು ಬಗೆಯ ತಿರುಗುವಿಕೆ, ಅದೂ ಕೂಡಿಬರುವುದಿಲ್ಲ. ಮೂರೂ ಕಣಗಳ ಸ್ಪಿನ್ ಅರ್ಧ. ಎರಡು ಅರ್ಧ ಸೇರಿದರೆ ಸೊನ್ನೆ ಅಥವಾ ಒಂದು. ಅರ್ಧ ಎಂದೂ ಬರದು. ಪ್ರೋಟಾನ್, ಎಲೆಕ್ಟ್ರಾನ್ ಜೊತೆ ಆಂಟಿನ್ಯೂಟ್ರಿನೋ ಎಂಬ ಮೂರನೆಯದೂ ಹೊರಡುವುದರಿಂದ ಆ ಲೆಕ್ಕ ಸರಿಹೋಗುತ್ತದೆ.

ಇನ್ನೂ ನಂಬಿಕೆ ಇಲ್ಲವೇ? ಫ್ಲೋರಿನ್-18 ಎಂಬ ಅಸ್ಥಿರ ಪರಮಾಣುವಿನಲ್ಲಿ ಇದೇ ಆಟ ತಿರುಗುಮುರುಗು: ಪ್ರೋಟಾನ್ ನ್ಯೂಟ್ರಾನ್ ಆಗುತ್ತದೆ, ಪಾಸಿಟ್ರಾನ್ (ಎಲೆಕ್ಟ್ರಾನ್‌ನಂಥದೇ ಕಣ, ಚಾರ್ಜ್ ಮಾತ್ರ ವಿರುದ್ಧ) ಹೊರಬೀಳುತ್ತದೆ. ನಿಮ್ಮ ವಾದದಂತೆ ಪ್ರೋಟಾನ್ ಒಳಗೆ ನ್ಯೂಟ್ರಾನ್, ಅದರೊಳಗೆ ಮತ್ತೆ ಪ್ರೋಟಾನ್. ಇದಕ್ಕೆ ಕೊನೆ ಎಲ್ಲಿ?

ನ್ಯೂಟ್ರಾನ್, ಪ್ರೋಟಾನ್ ಎರಡೂ ಕ್ವಾರ್ಕ್ ಎಂಬ ಇನ್ನೂ ಚಿಕ್ಕ ಕಣಗಳಿಂದ ಆದವು. ನಡೆಯುವುದು ಇಷ್ಟು: ನ್ಯೂಟ್ರಾನ್‌ನ ಒಂದು ಡೌನ್ ಕ್ವಾರ್ಕ್ ಅಪ್ ಕ್ವಾರ್ಕ್ ಆಗುತ್ತದೆ. ಎಲೆಕ್ಟ್ರಾನ್ ಆ ಗಳಿಗೆಯಲ್ಲೇ ಹುಟ್ಟುತ್ತದೆ. ದೀಪ ಹಚ್ಚಿದಾಗ ಬರುವ ಬೆಳಕನ್ನು ಬತ್ತಿಯಲ್ಲಿ ಮೊದಲೇ ತುಂಬಿಟ್ಟಿದ್ದರೇ?

ಇಷ್ಟು ಹೇಳಿದ ಮೇಲೆ, ಯಾರೂ ಕೇಳದ ಒಂದು ಪ್ರಶ್ನೆ ನನಗೇ ಕಾಡುತ್ತದೆ. ಒಂಟಿ ನ್ಯೂಟ್ರಾನ್ ಸರಾಸರಿ 15 ನಿಮಿಷದೊಳಗೆ ಮುಗಿದುಹೋಗುತ್ತದೆ. ಹೀಲಿಯಂ ನ್ಯೂಕ್ಲಿಯಸ್ಸಿನ ಎರಡು ನ್ಯೂಟ್ರಾನ್‌ಗಳು ಮಾತ್ರ ಸುಮ್ನೆ ಕೂತಿರುತ್ತವಲ್ಲ, ಹೇಗೆ? ಅಲ್ಲಿ ತೂಗುವುದು ಇಡೀ ನ್ಯೂಕ್ಲಿಯಸ್ಸನ್ನು. (ಫ್ಲೋರಿನ್-18ರಲ್ಲಿ ಪ್ರೋಟಾನ್ ತನಗಿಂತ ಭಾರದ ನ್ಯೂಟ್ರಾನ್ ಆಗಲು ಸಾಧ್ಯವಾಗುವುದೂ ಅದಕ್ಕೇ.) ಒಂದು ನ್ಯೂಟ್ರಾನ್ ಪ್ರೋಟಾನ್ ಆದರೆ ಸಿಗುವ ಮೂರು ಪ್ರೋಟಾನ್, ಒಂದು ನ್ಯೂಟ್ರಾನ್‌ಗಳ ಕೂಟ ಹೀಲಿಯಂಗಿಂತ ಭಾರ. ದಾರಿ ಬಂದ್. ಕಾರ್ಬನ್-14ರಲ್ಲಿ ದಾರಿ ತೆರೆದಿದೆ, ಆದರೂ ಅವಸರವಿಲ್ಲ: ಇರುವ ಪರಮಾಣುಗಳಲ್ಲಿ ಅರ್ಧದಷ್ಟು ಮುಗಿಯಲು ಸುಮಾರು 5,730 ವರ್ಷ ಬೇಕು.