ಆಲ್ಟಿನ್ ಟಾಗ್: ಉಪಗ್ರಹ ತೋರಿಸಿದ ಗೆರೆ, ನೆಲ ಹೇಳಿದ ವೇಗ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿರುವ ಜಿಪಿಎಸ್ ಕೇಂದ್ರ ವರ್ಷಕ್ಕೆ ಸುಮಾರು 5 ಸೆಂಟಿಮೀಟರ್‌ನಂತೆ ಈಶಾನ್ಯಕ್ಕೆ ಸರಿಯುತ್ತಿದೆ. ಅದರೊಂದಿಗೆ ಇಡೀ ದಕ್ಷಿಣ ಭಾರತವೂ ಸರಿಯುತ್ತಿದೆ. ಭಾರತದ ನೆಲ ಏಷ್ಯಾವನ್ನು ಸುಮಾರು 5 ಕೋಟಿ ವರ್ಷಗಳಿಂದ ಹೀಗೆ ಒತ್ತುತ್ತಿದೆ. ಆ ಒತ್ತಡದ ಒಂದು ಪಾಲು ಹಿಮಾಲಯವನ್ನು ಎತ್ತಿತು. ಉಳಿದದ್ದು ಎಲ್ಲಿಗೆ ಹೋಯಿತು?

1970ರ ದಶಕದ ಆರಂಭದಲ್ಲಿ ಇದಕ್ಕೆ ಉತ್ತರ ಹುಡುಕಲು ಟಿಬೆಟ್‌ಗೆ ಹೋಗುವಂತಿರಲಿಲ್ಲ. ಪಾಶ್ಚಾತ್ಯ ಸಂಶೋಧಕರಿಗೆ ಚೀನಾದ ಬಾಗಿಲು ಮುಚ್ಚಿತ್ತು. ಅಷ್ಟರಲ್ಲಿ, 1972ರ ಜುಲೈನಲ್ಲಿ, ಅಮೆರಿಕ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹವನ್ನು ಹಾರಿಸಿತು. ಅದರ ಒಂದೊಂದು ಚಿತ್ರವೂ 185 ಕಿ.ಮೀ. ಅಗಲದ ನೆಲವನ್ನು ಸೆರೆಹಿಡಿಯುತ್ತಿತ್ತು. ಭೂವಿಜ್ಞಾನಿಗಳಾದ ಪೀಟರ್ ಮೋಲ್ನಾರ್ ಮತ್ತು ಪಾಲ್ ಟಪೋನಿಯೇ ಈ ಚಿತ್ರಗಳನ್ನು ಭೂಕಂಪಗಳ ದಾಖಲೆಯ ಜೊತೆಗಿಟ್ಟು ಓದಿದರು. ಟಿಬೆಟ್ ಪ್ರಸ್ಥಭೂಮಿಯ ಉತ್ತರದ ಅಂಚಿನಲ್ಲಿ ಸಾವಿರ ಕಿ.ಮೀ.ಗೂ ಮಿಕ್ಕಿ ಸಾಗುವ ಆಲ್ಟಿನ್ ಟಾಗ್ ಸ್ತರಭಂಗ (ಎರಡೂ ಬದಿಯ ನೆಲ ಒಂದಕ್ಕೊಂದು ಸರಿಯುವ ಬಿರುಕು) ಅವುಗಳಲ್ಲಿ ಎದ್ದು ಕಾಣುತ್ತಿತ್ತು. 1975ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಅವರು ಮಂಡಿಸಿದ ವಾದ ದಿಟ್ಟವಾಗಿತ್ತು: ಭಾರತದ ಒತ್ತಡಕ್ಕೆ ಏಷ್ಯಾದ ದೊಡ್ಡ ದೊಡ್ಡ ತುಂಡುಗಳು ಇಂಥ ಸ್ತರಭಂಗಗಳ ಗುಂಟ ಪೂರ್ವಕ್ಕೆ ಜಾರುತ್ತಿವೆ. ಕಾಲಿಡಲಾಗದ ಪ್ರದೇಶವನ್ನು ಚಿತ್ರಗಳಿಂದಲೇ ಹೀಗೆ ಓದಿದ್ದು ಇಂದಿಗೂ ನನ್ನಲ್ಲಿ ಬೆರಗು ಹುಟ್ಟಿಸುತ್ತದೆ.

ಇದನ್ನು ಒಪ್ಪದವರೂ ಇದ್ದರು. ಭೂಖಂಡ ತುಂಡುಗಳಾಗಿ ಜಾರುತ್ತಿಲ್ಲ, ಒಟ್ಟಾಗಿಯೇ ಒತ್ತಿಕೊಂಡು ದಪ್ಪವಾಗುತ್ತಿದೆ ಎಂಬುದು ಅವರ ವಾದ. ಹಾಗಾಗಿ ಎಲ್ಲವೂ ಒಂದು ಸಂಖ್ಯೆಗೆ ಬಂದು ನಿಂತಿತು. ಆಲ್ಟಿನ್ ಟಾಗ್ ವರ್ಷಕ್ಕೆ 3 ಸೆಂಟಿಮೀಟರ್ ಜಾರುತ್ತಿದ್ದರೆ ಮೊದಲನೆಯವರ ಮಾತಿಗೆ ಬಲ, 1 ಸೆಂಟಿಮೀಟರ್‌ನ ಆಸುಪಾಸಿನಲ್ಲಿದ್ದರೆ ಎರಡನೆಯವರದಕ್ಕೆ.

ನೆಲ ಎಷ್ಟು ದೂರ ಸರಿದಿದೆ ಎಂಬುದನ್ನು ಚಿತ್ರದಿಂದ ಅಳೆಯಬಹುದು, ಎಷ್ಟು ಕಾಲದಲ್ಲಿ ಎಂಬುದನ್ನಲ್ಲ. ಅದಕ್ಕೆ ನೆಲಕ್ಕೇ ಇಳಿಯಬೇಕು. ಚೀನಾದ ಬಾಗಿಲು ತೆರೆದ ಮೇಲೆ ಸಂಶೋಧಕರು ಹೋಗಿ ನಿಂತದ್ದು ನದಿಗಳ ದಡದಲ್ಲಿ. ಅಲ್ಲಿ ನದಿ ಹಂತಹಂತವಾಗಿ ಕೊರೆಯುತ್ತಾ ಬಿಟ್ಟುಹೋದ ಮೆಟ್ಟಿಲುಗಳನ್ನು ಸ್ತರಭಂಗ ಕತ್ತರಿಸಿ ಪಕ್ಕಕ್ಕೆ ಸರಿಸಿದೆ. ಮೆಟ್ಟಿಲಿನ ಮೇಲಿನ ಕಲ್ಲುಗಳಲ್ಲಿ ಕಾಸ್ಮಿಕ್ ಕಿರಣಗಳಿಂದ ಉಂಟಾಗುವ ಬೆರಿಲಿಯಂ-10ರ ಪ್ರಮಾಣ ಅಳೆದರೆ ಅದರ ವಯಸ್ಸು ತಿಳಿಯುತ್ತದೆ. 2004ರಲ್ಲಿ ಪ್ರಕಟವಾದ ಇಂಥ ಒಂದು ಅಧ್ಯಯನದ ಲೆಕ್ಕ ವರ್ಷಕ್ಕೆ 3 ಸೆಂಟಿಮೀಟರ್‌ಗೆ ಹತ್ತಿರವಿತ್ತು.

ತೊಡಕು ಇದ್ದದ್ದು ಎರಡು ಮೆಟ್ಟಿಲುಗಳ ನಡುವಿನ ಕಡಿದಾದ ಅಂಚಿನಲ್ಲಿ. ಕೆಳಗಿನ ಮೆಟ್ಟಿಲಿನಲ್ಲಿ ಹರಿಯುವಷ್ಟು ಕಾಲವೂ ನದಿ ಅಂಚನ್ನು ಕೊರೆದು ನೇರಗೊಳಿಸುತ್ತಿದ್ದರೆ, ನೆಲ ಸರಿದ ದೂರ ಅದರಲ್ಲಿ ದಾಖಲಾಗುವುದು ನದಿ ಆ ಮೆಟ್ಟಿಲನ್ನು ಬಿಟ್ಟ ಮೇಲೆಯೇ. ಆಗ ಕೆಳಗಿನ ಮೆಟ್ಟಿಲಿನ ವಯಸ್ಸೇ ಸರಿ. ಹಾಗೆ ಕೊರೆಯದಿದ್ದರೆ ಮೇಲಿನದರ ವಯಸ್ಸು ತೆಗೆದುಕೊಳ್ಳಬೇಕು. ಕಾಲ ಉದ್ದವಾಗಿ ವೇಗ ಇಳಿಯುತ್ತದೆ. 2007ರಲ್ಲಿ ಭೂವಿಜ್ಞಾನಿ ಎರಿಕ್ ಕೌಗಿಲ್ ಹೀಗೆ ಮರುಲೆಕ್ಕ ಹಾಕಿ, ವೇಗ 1 ಸೆಂಟಿಮೀಟರ್‌ಗೂ ತುಸು ಕಡಿಮೆ ಎಂದು ತೋರಿಸಿದರು. ಜಿಪಿಎಸ್ ಅಳತೆಗಳೂ ಅದನ್ನೇ ಹೇಳುತ್ತಿದ್ದವು. ಉಪಗ್ರಹ ರೇಡಾರ್‌ನ ಫಲಿತಾಂಶವೂ ಅದಕ್ಕೆ ಹತ್ತಿರವೇ ಬಂದಿತು. ಹೀಗಿದ್ದರೂ 1975ರ ಚಿತ್ರಣ ಪೂರ್ತಿ ಬಿದ್ದುಹೋಗಲಿಲ್ಲ. ಟಿಬೆಟ್ ಪೂರ್ವಕ್ಕೆ ಸರಿಯುತ್ತಿರುವುದು ನಿಜ, ಅವರೆಣಿಸಿದಷ್ಟು ವೇಗವಾಗಿ ಅಲ್ಲ.

ಈ ವ್ಯತ್ಯಾಸ ಬರೀ ಪಂಡಿತರ ಚರ್ಚೆಯಲ್ಲ. ಒಂದು ದೊಡ್ಡ ಭೂಕಂಪದಲ್ಲಿ ನೆಲ 6 ಮೀಟರ್ ಜಾರುತ್ತದೆ ಎಂದುಕೊಳ್ಳಿ. ವರ್ಷಕ್ಕೆ 3 ಸೆಂಟಿಮೀಟರ್ ಲೆಕ್ಕದಲ್ಲಿ ಅಷ್ಟು ಒತ್ತಡ ಕೂಡಲು 200 ವರ್ಷ ಸಾಕು; 1 ಸೆಂಟಿಮೀಟರ್ ಆದರೆ 600 ವರ್ಷ ಬೇಕು.