ಓದುಗರ ಪ್ರಶ್ನೆ: ಮಾಡೆಲ್ ಚಿಕ್ಕದು ಮಾಡಿದರೆ ಉತ್ತರ ತಪ್ಪಾಗುತ್ತಾ?

ಪ್ರಶ್ನೆ: ಪೆಪಾ (PEPA, ಒಂದು ವ್ಯವಸ್ಥೆ ಎಷ್ಟು ವೇಗವಾಗಿ ಕೆಲಸ ಮಾಡುತ್ತದೆ ಎಂದು ಲೆಕ್ಕ ಹಾಕಲು ಅದನ್ನು ವಿವರಿಸುವ ಭಾಷೆ) ಮಾಡೆಲ್‌ನಲ್ಲಿ ಒಂದು ಸರ್ವರ್, 30 ಕ್ಲೈಂಟ್ ಇಟ್ಟಿದ್ದೇನೆ. ಟೂಲ್ ಮೆಮೊರಿ ಸಾಲದೆ ನಿಂತುಬಿಡುತ್ತದೆ. ಸ್ಥಿತಿಗಳನ್ನು ಒಟ್ಟುಗೂಡಿಸಿ ಅಂತೀರಿ. ಆಗ ಉತ್ತರ ಬರೀ ಅಂದಾಜು ಆಗಲ್ವಾ ಸರ್? ರ‍್ಯಾಮ್ ಹಾಕಿಸಿದರೆ ಆಗಲ್ವಾ?

ಉತ್ತರ: ಪ್ರಾಜೆಕ್ಟ್ ಸಮಯ ಬಂತೆಂದರೆ ಈ ಪ್ರಶ್ನೆಯೂ ಬಂತು. ಮೊದಲು ರ‍್ಯಾಮ್ ವಿಷಯ ಮುಗಿಸೋಣ. ನಿಮ್ಮ ಕ್ಲೈಂಟ್ ಒಂದೋ ಯೋಚಿಸುತ್ತಿರುತ್ತದೆ, ಇಲ್ಲವೇ ಕಾಯುತ್ತಿರುತ್ತದೆ. ಯಾವ ಯಾವ ಕ್ಲೈಂಟ್ ಏನು ಮಾಡುತ್ತಿದೆ ಎಂಬ ಒಂದೊಂದು ಜೋಡಣೆಯೂ ಒಂದು ಸ್ಥಿತಿ. 30 ಕ್ಲೈಂಟ್ ಅಂದರೆ 2ರ 30ನೇ ಘಾತ, ಅಂದರೆ 107 ಕೋಟಿ ಸ್ಥಿತಿಗಳು. ಸ್ಥಿತಿಗೊಂದು ಸಂಭವನೀಯತೆ, ತಲಾ 8 ಬೈಟ್, ಅದಕ್ಕೇ 8 ಜಿಬಿ ಹೋಯಿತು. ಪ್ರತಿ ಸ್ಥಿತಿಯಿಂದ ಹೊರಡುವ 30 ದಾರಿಗಳನ್ನು ಇನ್ನೂ ಲೆಕ್ಕಕ್ಕೇ ಹಿಡಿದಿಲ್ಲ. ರ‍್ಯಾಮ್ ಎರಡರಷ್ಟು ಮಾಡಿದರೆ ಸಿಗುವುದು ಇನ್ನೊಂದೇ ಒಂದು ಕ್ಲೈಂಟ್!

ಈಗ "ಒಟ್ಟುಗೂಡಿಸಿದರೆ ಅಂದಾಜು" ಎಂಬ ಹಠಮಾರಿ ನಂಬಿಕೆ. ಅದು ತಪ್ಪು. ಎಷ್ಟು ಸಲ ಹೇಳಿದರೂ ಮತ್ತೆ ಎದ್ದು ಬರುತ್ತದೆ, ಆದ್ದರಿಂದ ಲೆಕ್ಕ ಮಾಡಿಯೇ ತೋರಿಸುತ್ತೇನೆ.

ಮೂರೇ ಕ್ಲೈಂಟ್ ತಗೊಳ್ಳಿ. ಸ್ಥಿತಿ ಎಂಟು. ಒಬ್ಬರು ಮಾತ್ರ ಕಾಯುತ್ತಿರುವ ಸ್ಥಿತಿಗಳು ಮೂರು. ಆ ಮೂರರಲ್ಲಿ ಯಾವುದನ್ನೇ ನೋಡಿ, ಉಳಿದಿಬ್ಬರು ಯೋಚಿಸುತ್ತಿದ್ದಾರೆ. ಒಬ್ಬರು ಯೋಚನೆ ಮುಗಿಸಿ ಕಾಯಲು ಹೋಗುವ ವೇಗ r ಆದರೆ, "ಇಬ್ಬರು ಕಾಯುತ್ತಿದ್ದಾರೆ" ಎಂಬ ಗುಂಪಿಗೆ ಹೋಗುವ ಒಟ್ಟು ವೇಗ 2r. ಮೂರರಿಂದಲೂ ಅಷ್ಟೇ. "ಯಾರೂ ಕಾಯುತ್ತಿಲ್ಲ" ಎಂಬಲ್ಲಿಗೆ ವಾಪಸ್ ಹೋಗುವ ವೇಗ ಸರ್ವರ್‌ನದು, s. ಅದೂ ಮೂರರಿಂದಲೂ ಒಂದೇ. ಅಂದಮೇಲೆ ಮೂರನ್ನು ಬೇರೆ ಬೇರೆ ಇಟ್ಟು ಏನು ಲಾಭ? ಅಡುಗೆಯವರಿಗೆ ಎಷ್ಟು ಎಲೆ ಎಂದು ತಿಳಿದರೆ ಸಾಕು, ಯಾವ ಎಲೆಯ ಮುಂದೆ ಯಾರು ಕೂತಿದ್ದಾರೆ ಅಂತ ಬೇಡ. ಕಾಯುತ್ತಿರುವವರು ಸೊನ್ನೆ, ಒಂದು, ಎರಡು, ಮೂರು: ಎಂಟು ಸ್ಥಿತಿ ನಾಲ್ಕಾಯಿತು, ಒಂದು ದಶಾಂಶವೂ ಕದಲಲಿಲ್ಲ. ನಿಮ್ಮ 107 ಕೋಟಿ ಹೀಗೇ 31ಕ್ಕೆ ಇಳಿಯುತ್ತದೆ. ಎಡಿನ್‌ಬರೊದ ಜೇನ್ ಹಿಲ್‌ಸ್ಟನ್ 1990ರ ದಶಕದಲ್ಲಿ ಪೆಪಾ ಕಟ್ಟಿದಾಗಲೇ ಇದಕ್ಕೆ ಗಟ್ಟಿ ಬುನಾದಿ ಹಾಕಿದ್ದರು. ಅರ್ಧ ಕ್ಲೈಂಟ್‌ಗಳ ಯೋಚನೆಯ ವೇಗ ಬೇರೆಯಾದರೆ 15ರ ಎರಡು ಗುಂಪು ಮಾಡಿ: 16 ಗುಣಿಸು 16, 256 ಸ್ಥಿತಿ. ಆಗಲೂ ಉತ್ತರ ನಿಖರವೇ.

ನಿಜವಾದ ಅಂದಾಜು ಬೇರೆ ಇದೆ. 2005ರಲ್ಲಿ ಹಿಲ್‌ಸ್ಟನ್ ಅವರೇ ಮಾಡೆಲನ್ನು ಅವಕಲ ಸಮೀಕರಣಗಳಾಗಿ (ಸಂಖ್ಯೆಗಳು ಹೊತ್ತಿನೊಂದಿಗೆ ಹೇಗೆ ಬದಲಾಗುತ್ತವೆ ಎಂದು ಹೇಳುವ ಸಮೀಕರಣಗಳು) ಬದಲಿಸುವ ದಾರಿ ತೋರಿಸಿದರು. ಕ್ಲೈಂಟ್ 30 ಇರಲಿ, 30,000 ಇರಲಿ, ಸಮೀಕರಣ ಎರಡೇ: ಯೋಚಿಸುವವರಿಗೊಂದು, ಕಾಯುವವರಿಗೊಂದು. ಆದರೆ ಅದು ಕ್ಲೈಂಟ್ ಸಂಖ್ಯೆ ದೊಡ್ಡದಿದ್ದಾಗ ಚೆನ್ನ. ಬೇಡಿಕೆಯೂ ಸರ್ವರ್‌ನ ಸಾಮರ್ಥ್ಯವೂ ಸರಿಸುಮಾರು ಸಮವಾದ ಜಾಗದಲ್ಲಿ ಜಾಸ್ತಿ ಎಡವುತ್ತದೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಿದ್ದರಿಂದಲೇ ಈ ಗೊಂದಲ ಅನಿಸುತ್ತದೆ.

ಯಾರೂ ಕೇಳದ ಇನ್ನೊಂದು ಮಾತು. ಒಬ್ಬ ಕ್ಲೈಂಟ್‌ಗೆ ಉತ್ತರ ಸಿಗಲು ಎಷ್ಟು ಹೊತ್ತು ಎಂದು ಬೇಕಿದ್ದರೆ 31 ಸ್ಥಿತಿ ಸಾಲದು, ಆ ಒಬ್ಬ ಗುಂಪಿನಲ್ಲಿ ಕಳೆದುಹೋಗಿರುತ್ತಾನೆ. ಅವನನ್ನು ಬೇರೆ ಇಟ್ಟು ಉಳಿದ 29 ಜನರನ್ನು ಎಣಿಸಿ: ಅವನ 2 ಗುಣಿಸು ಉಳಿದವರ 30, 60 ಸ್ಥಿತಿ. ಆಗ ಇನ್ನೊಂದನ್ನೂ ಗಮನಿಸಿ. ನಿಮ್ಮ ಮಾಡೆಲ್‌ನಲ್ಲಿ ಸರದಿಯೇ ಇಲ್ಲ. ಕಾಯುತ್ತಿರುವವರಲ್ಲಿ ಸರ್ವರ್ ಯಾರನ್ನಾದರೂ ಸಮಾನ ಅವಕಾಶದಲ್ಲಿ ಕರೆಯುತ್ತದೆ. ಸರಾಸರಿ ಕಾಯುವ ಹೊತ್ತು ಇದರಿಂದ ಬದಲಾಗುವುದಿಲ್ಲ. ಆದರೆ ಕೆಲವರು ವಿಪರೀತ ಕಾಯುತ್ತಾರೆ. ಮೊದಲು ಬಂದವರಿಗೆ ಮೊದಲು ಎಂದಿದ್ದರೆ ಆ ಸರದಿಯನ್ನು ನೀವೇ ಮಾಡೆಲ್‌ನಲ್ಲಿ ಬರೆಯಬೇಕು.