ಕೆರೆ ನೀರು ಕುಡಿದವರು ಯಾರು?

ಮೇ ತಿಂಗಳು ಬಂತೆಂದರೆ ಕಲಬುರಗಿ ಕಡೆ ಎಷ್ಟೋ ಕೆರೆಗಳ ತಳ ಕಾಣುತ್ತದೆ. ನೀರು ಎಲ್ಲಿ ಹೋಯ್ತು ಅಂತ ದಂಡೆ ಮೇಲೆ ಕೂತ ಹಿರಿಯರನ್ನು ಕೇಳಿ. 'ಭೂಮಿ ಕುಡೀತ್ರಿ' ಅಂತಾರೆ.

ಪಾಪ, ನಮ್ಮ ಎರೆ ಭೂಮಿಗೆ ಈ ಅಪವಾದ ಬೇಡ. ಒಣಗಿದಾಗ ಎರೆ ಮಣ್ಣು ಕೈ ತೂರುವಷ್ಟು ಬಿರಿಯುತ್ತದೆ, ನಿಜ. ಆದರೆ ಮಳೆ ನೀರು ಬಿದ್ದರೆ ಅದೇ ಮಣ್ಣು ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ. ಮೊದಲ ಗುಟುಕು ಅದರದ್ದು, ಆಮೇಲೆ ಇಳಿಯುವುದು ತೀರಾ ನಿಧಾನ. (ತಳದ ಕಲ್ಲು ಸೀಳಿರುವ ಕೆರೆಗಳ ಕಥೆ ಬೇರೆ.) ಜಾಸ್ತಿ ಕುಡಿಯುವವನು ಸೂರ್ಯ.

ಹೋದ ಬೇಸಿಗೆಯಲ್ಲಿ ಮಾಳಿಗೆ ಮೇಲೆ ಒಂದು ಪರಾತ (ಅಗಲ ತಟ್ಟೆ), ಒಂದು ತಂಬಿಗೆ ಇಟ್ಟೆ. ಎರಡಕ್ಕೂ ಅಳೆದು ಒಂದೊಂದು ಲೀಟರ್ ನೀರು. ಮರುದಿನ ಸಂಜೆ ಪರಾತ ಒಣಗಿ ಅಂಚಿಗೆ ಬಿಳಿ ಉಪ್ಪಿನ ಗೆರೆ ಕೂತಿತ್ತು. ತಂಬಿಗೆಯ ನೀರು ಹೆಚ್ಚುಕಮ್ಮಿ ಹಾಗೇ ಇತ್ತು. ಬಸಿಗೆ ಸುರಿದ ಚಹಾ ಬೇಗ ಆರುತ್ತದೆ. ಮುದ್ದೆ ಮಾಡಿಟ್ಟ ಧೋತರ ಸಂಜೆಯಾದರೂ ಹಸಿ, ಹರವಿದ್ದು ಗಳಿಗೆಯಲ್ಲಿ ಗರಿಗರಿ. ಕಣದಲ್ಲಿ ಜೋಳ ಹರವುವುದೂ ಇದಕ್ಕೇ ಅಲ್ವಾ? ಬಿಸಿಲು, ಗಾಳಿ ಮುಟ್ಟುವುದು ಮೇಲ್ಮೈಯನ್ನು. ಆಳ ಅವುಗಳ ಕೈಗೆ ಸಿಗುವುದಿಲ್ಲ.

ಒಂದು ಹೆಕ್ಟೇರ್ ಕೆರೆಯಲ್ಲಿ ನೀರು 1 ಸೆಂಟಿಮೀಟರ್ ಇಳಿದರೆ 1 ಲಕ್ಷ ಲೀಟರ್ ಹೋಯಿತು. ನಮ್ಮ ಬಿಸಿಲಿಗೆ ಅದು ಒಂದೆರಡು ದಿನದ ಕೆಲಸ.

ಹೂಳು ಬಂದರೆ ತಂಬಿಗೆಯೇ ಪರಾತ ಆಗುತ್ತದೆ. ಹಿಡಿಯುವ ನೀರು ಕಡಿಮೆ, ಹಿಡಿದದ್ದೂ ತೆಳ್ಳಗೆ ಹರಡಿ ಬಿಸಿಲಿಗೆ ಮೈ ಒಡ್ಡುತ್ತದೆ. ಕೃಷ್ಣೆಯ ನಾರಾಯಣಪುರ ಜಲಾಶಯಕ್ಕೆ ಮೊದಲಿನ ಲೆಕ್ಕ ಸುಮಾರು 37.9 ಟಿಎಂಸಿ, ಈಗಿನದು 33.3. ಒಂದು ಟಿಎಂಸಿ ಅಂದರೆ ಸುಮಾರು 2,830 ಕೋಟಿ ಲೀಟರ್! ಉಳಿದದ್ದೂ ಪೂರ್ತಿ ಕಾಲುವೆಗೆ ಬರುವುದಿಲ್ಲ. ತೂಬಿನ ಬಾಯಿಗಿಂತ ಕೆಳಗಿನ ನೀರು ಅಲ್ಲೇ ಇರಬೇಕು. ಪೇಪರಿನಲ್ಲಿ ಟಿಎಂಸಿ ನೋಡಿ ಸುಮ್ನೆ ಖುಷಿಪಡುವವರು ಇದನ್ನು ಮರೆಯುತ್ತಾರೆ.

ಬೀದರಿನವರು ಬಿಸಿಲಿಗೆ ನೀರನ್ನು ತೋರಿಸಲೇ ಇಲ್ಲ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರು ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ಒಯ್ದರು. ನೆಲದಡಿಯ ಸುರಂಗದಲ್ಲಿ ನೀರು ಹರಿಸುವ ಪರ್ಷಿಯಾದ ಕರೇಜ್ ವಿದ್ಯೆ ಅವರ ಕಾಲದಲ್ಲೇ ಇಲ್ಲಿಗೆ ಬಂತು. ಅಲ್ಲಿನ ಕೆಂಪು ಜಂಬಿಟ್ಟಿಗೆ ಕಲ್ಲು ತೂತು ತೂತು. ಮಳೆ ನೀರನ್ನು ರೊಟ್ಟಿ ಸಾರು ಹೀರಿದಂತೆ ಹೀರುತ್ತದೆ. ಕೆಳಗೆ ಗಟ್ಟಿ ಕರಿಕಲ್ಲು ಸಿಕ್ಕಾಗ ನೀರು ಅಡ್ಡಕ್ಕೆ ಜಿನುಗುತ್ತದೆ. ಹಾಗೆ ಜಿನುಗಿದ್ದನ್ನು ಹಿಡಿಯಲು ನೆಲದೊಳಗೆ ಸುರಂಗ ಕೊರೆದು, ಮೇಲಿನಿಂದ ಸಾಲಾಗಿ ಬಾವಿ ಇಳಿಸಿದರು. ಬೀದರ್ ಪಕ್ಕದ ನೌಬಾದಿನಲ್ಲಿ ಅದನ್ನು ಇವತ್ತಿಗೂ ನೋಡಬಹುದು.

'ಭೂಮಿ ಕುಡೀತ್ರಿ' ಅನ್ನುವ ಮಾತು ಅಲ್ಲಿ ಮಾತ್ರ ಸರಿ. ಕುಡಿದದ್ದನ್ನು ಹಗ್ಗ ಬಿಟ್ಟು ವಾಪಸ್ ಸೇದುತ್ತಿದ್ದರು.